ಎಕ್ಸ್‌ರೇಯಲ್ಲಿ ಕಾಣದ ಪೆಟ್ಟು: ರಸ್ತೆ ಅಪಘಾತ, ಕುತ್ತಿಗೆ–ಬೆನ್ನು ನೋವು ಮತ್ತು ಪರಿಹಾರದ ಹಕ್ಕು

ಬೆಳಗಿನ ಹಾಲು ಸಂಘಕ್ಕೆ ಹಾಕಿ, ಸಾಯಗಾಂವದಿಂದ ಭಾಲ್ಕಿ ಕಡೆಗೆ ಬೈಕಿನಲ್ಲಿ ಹೊರಟ ಒಬ್ಬ ಉತ್ಪಾದಕರನ್ನು ನೆನೆಸಿಕೊಳ್ಳಿ. ಮುಂದೆ ಎಮ್ಮೆ ಅಡ್ಡ ಬಂತೆಂದು ಬ್ರೇಕ್ ಹಾಕಿದರು, ಹಿಂದಿನಿಂದ ಬಂದ ಕಾರು ಗುದ್ದಿತು. ಬಿದ್ದರು, ಎದ್ದರು. ರಕ್ತ ಇಲ್ಲ, ಎಲುಬು ಮುರಿದಿಲ್ಲ. ಸೇರಿದ ನಾಲ್ಕು ಮಂದಿ ಕಾರಿನವರಿಂದ ಐದು ಸಾವಿರ ರೂಪಾಯಿ ಕೊಡಿಸಿ, ಒಂದು ಹಾಳೆ ಮೇಲೆ ಸಹಿ ಮಾಡಿಸಿ, 'ಪೊಲೀಸು, ಕೋರ್ಟು ಯಾಕೆ ಬೇಕು, ದೇವರು ಉಳಿಸಿದ' ಎಂದು ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಕುತ್ತಿಗೆ ಹೊರಳಲಿಲ್ಲ. ವಾರ ಕಳೆದ ಮೇಲೆ ಬಲಗೈಗೆ ಜೋಮು ಹಿಡಿಯಿತು. ತಿಂಗಳ ಹೊತ್ತಿಗೆ ಹಾಲು ಹಿಂಡಲು ಕುಕ್ಕರಗಾಲಲ್ಲಿ ಕೂತರೆ ಏಳಲಾಗದು, ಮೇವಿನ ಹೊರೆ ಎತ್ತಲಾಗದು. ಐದು ಸಾವಿರ ಒಂದು ಎಂಆರ್‌ಐಗೂ ಸಾಲಲಿಲ್ಲ.

ಈ ಕಥೆ ಕಲ್ಪಿತ. ಆದರೆ ಓದುವ ಸದಸ್ಯರಲ್ಲಿ ಹಲವರಿಗೆ ಇಂಥ ಒಬ್ಬರು ನೆನಪಾಗದೆ ಇರಲಾರರು. ಕೈಕಾಲು ಮುರಿದರೆ ಊರಿಗೆಲ್ಲ ಕಾಣುತ್ತದೆ. ಕುತ್ತಿಗೆ, ಬೆನ್ನಿನ ಪೆಟ್ಟು ಕಾಣುವುದಿಲ್ಲ. ಕಾಣದ್ದಕ್ಕೆ ಪರಿಹಾರ ಕೇಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ದೇಹದ ಮಾತು. ಹಿಂದಿನಿಂದ ಗುದ್ದಿದಾಗ ಮೈ ಮುಂದಕ್ಕೆ ತಳ್ಳಲ್ಪಡುತ್ತದೆ, ತಲೆ ಮಾತ್ರ ಒಂದು ಕ್ಷಣ ಹಿಂದೆ ಉಳಿದು ಆಮೇಲೆ ಬಾರುಕೋಲಿನಂತೆ ಮುಂದಕ್ಕೆ ಬೀಸುತ್ತದೆ. ಕುತ್ತಿಗೆಯ ಸ್ನಾಯು, ಎಲುಬು ಕಟ್ಟಿ ಹಿಡಿದ ನಾರುಗಳು ಎಳೆದುಹೋಗುತ್ತವೆ. ಎಕ್ಸ್‌ರೇ ತೋರಿಸುವುದು ಎಲುಬನ್ನು. ಸ್ನಾಯು, ನಾರು, ಡಿಸ್ಕ್, ನರ ಅದರಲ್ಲಿ ಕಾಣುವುದಿಲ್ಲ. ಅದಕ್ಕೇ 'ಎಕ್ಸ್‌ರೇ ನಾರ್ಮಲ್' ಅಂದರೆ 'ಏನೂ ಆಗಿಲ್ಲ' ಎಂದಲ್ಲ. ನೋವು ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ತಡವಾಗಿ ಏಳುವುದೂ ಸಾಮಾನ್ಯ. ಬೆನ್ನಿನ ಪೆಟ್ಟು ಇನ್ನೊಂದು ರೀತಿಯದು. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಾಗ ಬಸ್ಸು ವೇಗವಾಗಿ ಹಂಪ್ ಹಾರಿಸಿದರೆ ಮೇಲೆದ್ದು ಕುಕ್ಕರಿಸಿ ಬೀಳುತ್ತೇವಲ್ಲ, ಆಗ ಸೊಂಟದ ಮೇಲಿನ ಬೆನ್ನೆಲುಬಿನ ಮಣಿ ಜಜ್ಜಿಹೋಗಬಹುದು. ವಯಸ್ಸಾದ ಹೆಣ್ಣುಮಕ್ಕಳಲ್ಲಿ ಎಲುಬು ಸವೆದಿರುವುದರಿಂದ ಇದರ ಭಯ ಹೆಚ್ಚು.

ಹೆಚ್ಚಿನ ಕುತ್ತಿಗೆ ನೋವು ಕೆಲವು ವಾರಗಳಲ್ಲಿ ಮದ್ದು, ಮೆಲ್ಲನೆಯ ವ್ಯಾಯಾಮದಿಂದ ಇಳಿಯುತ್ತದೆ. ಆದರೆ ಕೈಕಾಲಿಗೆ ಜೋಮು, ಹಿಡಿತದಲ್ಲಿ ಬಲ ಇಲ್ಲದಿರುವುದು, ನಡೆಯುವಾಗ ತೊಡರುವುದು, ಮೂತ್ರ ಅಥವಾ ಮಲ ಹಿಡಿತ ತಪ್ಪುವುದು, ಈ ಯಾವುದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಎಣ್ಣೆ ಹಚ್ಚಿ ಕುತ್ತಿಗೆ ತಿರುಗಿಸಿ 'ಲಟಕ್' ಅನಿಸುವವರ ಬಳಿ ಹೋಗಬೇಡಿ. ಇನ್ನೊಂದು ಮಾತು: ಬಿದ್ದವರನ್ನು ಎತ್ತಿ ಟಂಟಂನಲ್ಲಿ ಮಡಚಿ ಕೂರಿಸುವುದು ನಮ್ಮ ಕಡೆ ರೂಢಿ. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟು ಬಿದ್ದ ಶಂಕೆ ಇದ್ದರೆ ಅಲುಗಾಡಿಸದೆ, ತಲೆಯನ್ನು ನೆಟ್ಟಗೆ ಹಿಡಿದು, 108ಕ್ಕೆ ಫೋನ್ ಮಾಡಿ ಕಾಯುವುದು ಮೇಲು. ಉಪಕಾರ ಮಾಡಲು ಹೋಗಿ ನರಕ್ಕೆ ಪೆಟ್ಟು ಮಾಡಿದರೆ ಮನುಷ್ಯ ಹಾಸಿಗೆ ಹಿಡಿದುಬಿಡುತ್ತಾನೆ.

ಆಸ್ಪತ್ರೆಯಲ್ಲಿ ಹೇಳುವ ಮೊದಲ ವಾಕ್ಯವೇ ಮುಂದಿನ ಪ್ರಕರಣದ ಅಡಿಪಾಯ. ಭಾಲ್ಕಿಯ ತಾಲೂಕು ಆಸ್ಪತ್ರೆಯೇ ಇರಲಿ, ಬೀದರಿನ ಬ್ರಿಮ್ಸ್ ಇರಲಿ, ಖಾಸಗಿ ಇರಲಿ, 'ರಸ್ತೆ ಅಪಘಾತ' ಎಂದು ಹೇಳಿ ಎಂಎಲ್‌ಸಿ ಮಾಡಿಸಿ. 'ಬಿದ್ದೆ' ಎಂದಷ್ಟೇ ಹೇಳಿದರೆ ಚೀಟಿಯಲ್ಲಿ 'ಬಿದ್ದು ಗಾಯ' ಎಂದೇ ಬರೆಯುತ್ತಾರೆ. ಎರಡು ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಆ ಚೀಟಿಯನ್ನೇ ಎತ್ತಿ ತೋರಿಸುತ್ತಾರೆ. ಕುತ್ತಿಗೆ ನೋವು, ಜೋಮು, ಬೆನ್ನು ನೋವು ಎಲ್ಲವನ್ನೂ ಬಾಯಿಬಿಟ್ಟು ಹೇಳಿ ಬರೆಸಿ. ಮೊದಲ ದಿನ ನೋವು ಇರದೆ ಮೂರನೇ ದಿನ ಬಂದರೆ ಮೂರನೇ ದಿನವೇ ಮತ್ತೆ ಹೋಗಿ ಬರೆಸಿ. ಮೊದಲೇ ಬೆನ್ನು ನೋವು ಇತ್ತೇ? ಅದನ್ನೂ ಮುಚ್ಚಿಡಬೇಡಿ. ನಲವತ್ತು ದಾಟಿದವರ ಎಂಆರ್‌ಐಯಲ್ಲಿ ಡಿಸ್ಕ್ ಸವೆತ ಸಾಮಾನ್ಯವಾಗಿ ಕಾಣುತ್ತದೆ. ಕಂಪನಿ 'ಇದು ಹಳೆಯ ರೋಗ' ಎಂದು ವಾದಿಸುತ್ತದೆ. ಮೊದಲು ಇಷ್ಟಿತ್ತು, ಅಪಘಾತದ ನಂತರ ಇಷ್ಟಾಯಿತು ಎಂದು ವೈದ್ಯರು ಬರೆದಿದ್ದರೆ ಆ ವಾದಕ್ಕೆ ಉತ್ತರ ಸಿಗುತ್ತದೆ. ಮುಚ್ಚಿಟ್ಟದ್ದು ಹೊರಬಿದ್ದರೆ ನಿಜವನ್ನೂ ನಂಬುವವರಿಲ್ಲ.

ಖರ್ಚಿನ ಭಯದಿಂದ ಆಸ್ಪತ್ರೆ ತಪ್ಪಿಸಬೇಡಿ. ಕೇಂದ್ರ ಸರ್ಕಾರ 2025ರ ಮೇ 5ರಂದು ಜಾರಿಗೆ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆಗೆ ಅವಕಾಶವಿದೆ. ದಾಖಲಾಗುವಾಗಲೇ ಈ ಬಗ್ಗೆ ಕೇಳಿ.

ಇನ್ನು ಪೊಲೀಸ್ ಠಾಣೆ. ಗುದ್ದಿದ ವಾಹನದ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನಂಬರು ಇದ್ದರೆ ಎಂಪರಿವಾಹನ್ ಆ್ಯಪಿನಲ್ಲಿ ಆ ವಾಹನಕ್ಕೆ ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು. ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ, ಅದು ಉಚಿತ. ಆಸ್ಪತ್ರೆಯಲ್ಲಿದ್ದು ತಡವಾದರೆ ಹಕ್ಕು ಹೋಯಿತು ಎಂದಲ್ಲ. ಅಪಘಾತ ನಿಜವಾಗಿದ್ದರೆ ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೂ ತಡಕ್ಕೆ ಕಾರಣವನ್ನು ದೂರಿನಲ್ಲೇ ಬರೆಸಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕು. ನಿಮ್ಮ ಪ್ರತಿಯನ್ನು ಕೇಳಿ ಪಡೆಯಿರಿ.

'ಗಂಭೀರ ಗಾಯ' ಎಂಬ ಪದದ ಬಗ್ಗೆ ಒಂದು ವಿಷಯ ತಿಳಿದಿರಲಿ. ಎಲುಬು ಮುರಿದರೆ ಮಾತ್ರ ಗಂಭೀರ ಎಂದು ಠಾಣೆಯಲ್ಲೂ ಊರಲ್ಲೂ ಮಾತಾಡುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ, 15 ದಿನ ತೀವ್ರ ನೋವು ಅನುಭವಿಸುವಂತೆ ಮಾಡಿದ ಅಥವಾ 15 ದಿನ ದಿನನಿತ್ಯದ ಕೆಲಸ ಮಾಡಲಾಗದಂತೆ ಮಾಡಿದ ಗಾಯವೂ ಗಂಭೀರ ಗಾಯವೇ. ಹಳೆಯ ಕಾಯ್ದೆಯಲ್ಲಿ ಇದು 20 ದಿನ ಇತ್ತು. ಮುರಿತವಿಲ್ಲದ ಕುತ್ತಿಗೆ ಪೆಟ್ಟಿಗೆ ಈ ಸಾಲು ಬಹಳ ಮುಖ್ಯ. ವೈದ್ಯರು ಎಷ್ಟು ದಿನ ವಿಶ್ರಾಂತಿ ಹೇಳಿದ್ದಾರೆ ಎಂಬುದು ಚೀಟಿಯಲ್ಲಿ ಇರಬೇಕು.

ಪರಿಹಾರದ ಅರ್ಜಿಯನ್ನು ಮೋಟಾರು ವಾಹನ ಕಾಯ್ದೆ 1988ರ 166ನೇ ಕಲಮಿನ ಅಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಬೇಕು. ಕಟ್ಟಡ ಬೇರೆ ಇರುವುದಿಲ್ಲ. ನಮ್ಮ ರಾಜ್ಯದಲ್ಲಿ ಜಿಲ್ಲಾ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟುಗಳೇ ಈ ಕೆಲಸವನ್ನೂ ಮಾಡುತ್ತವೆ. ಗಡಿಯ ನಮಗೆ ಇಲ್ಲೊಂದು ಅನುಕೂಲವಿದೆ. ದೇವಣಿ ಆಕಳು ನೋಡಲು ಉದಗೀರಕ್ಕೋ, ಬೀಗರ ಮನೆಗೆಂದು ನಿಲಂಗಾಕ್ಕೋ ಹೋದಾಗ ಮಹಾರಾಷ್ಟ್ರದ ನೆಲದಲ್ಲಿ ಅಪಘಾತವಾದರೂ, ಅರ್ಜಿಯನ್ನು ನೀವು ವಾಸಿಸುವ ಜಾಗದ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಎಫ್‌ಐಆರ್ ಮಾತ್ರ ಅಲ್ಲಿಯ ಠಾಣೆಯದು, ಮರಾಠಿಯಲ್ಲಿರುತ್ತದೆ. ಅನುವಾದ ಮಾಡಿಸಬೇಕಾಗುತ್ತದೆ, ಅಷ್ಟೆ.

ಗಡುವು ಮರೆಯಬೇಡಿ. ಮೊದಲು ಗಡುವೇ ಇರಲಿಲ್ಲ, ಹಾಗಾಗಿ 'ನಿಧಾನಕ್ಕೆ ಹಾಕಿದರಾಯಿತು' ಎಂಬ ಮಾತು ಇನ್ನೂ ಓಡಾಡುತ್ತಿದೆ. 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಎಂದಾಗಿದೆ. ಈ ಗಡುವನ್ನು ಮೇಲಿನ ಕೋರ್ಟುಗಳಲ್ಲಿ ಪ್ರಶ್ನಿಸಿದ್ದಾರೆ ನಿಜ, ಆದರೆ ಆ ಭರವಸೆಯ ಮೇಲೆ ಕೂರುವುದು ಜಾಣತನವಲ್ಲ. ಕುತ್ತಿಗೆ ನೋವು 'ಇಂದು ಹೋದೀತು, ನಾಳೆ ಹೋದೀತು' ಎಂದು ಕಾಯಿಸುವ ನೋವು. ಆರು ತಿಂಗಳು ಹೀಗೇ ಕಳೆದುಬಿಡುತ್ತದೆ.

ಹಣ ಯಾರು ಕೊಡುತ್ತಾರೆ? ಗುದ್ದಿದ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಇದ್ದರೆ ವಿಮಾ ಕಂಪನಿ. ವಿಮೆ ಇಲ್ಲದಿದ್ದರೆ ಮಾಲೀಕರು. ಸಾರಿಗೆ ಸಂಸ್ಥೆಯ ಬಸ್ಸಾದರೆ ಸಂಸ್ಥೆಯೇ. ಗುದ್ದಿ ಓಡಿಹೋದ ವಾಹನ ಸಿಗಲೇ ಇಲ್ಲವೆಂದರೆ ಸರ್ಕಾರದ ಯೋಜನೆಯಲ್ಲಿ ಗಂಭೀರ ಗಾಯಕ್ಕೆ 50,000 ರೂಪಾಯಿ, ಸಾವಾದರೆ 2 ಲಕ್ಷ. ಇದಕ್ಕೆ ಕೋರ್ಟಿಗಲ್ಲ, ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಗೆ ಅರ್ಜಿ. ತಪ್ಪು ಯಾರದೆಂದು ಸಾಬೀತು ಮಾಡದೆಯೇ 164ನೇ ಕಲಮಿನಲ್ಲಿ ಗಂಭೀರ ಗಾಯಕ್ಕೆ 2.5 ಲಕ್ಷ ಪಡೆಯುವ ದಾರಿಯೂ ಇದೆ. ಆದರೆ ಅದನ್ನು ಒಪ್ಪಿ ಪಡೆದರೆ 166ರ ಅರ್ಜಿ ಬಿದ್ದುಹೋಗುತ್ತದೆ. ಯಾವುದು ಲಾಭ ಎಂದು ವಕೀಲರ ಜೊತೆ ಕೂತು ಲೆಕ್ಕ ಹಾಕಿಯೇ ಆರಿಸಿ.

ನಮ್ಮ ಸದಸ್ಯರು ಸಿಕ್ಕಿಬೀಳುವುದು ಬೇರೆ ಜಾಗದಲ್ಲಿ. ಸರಕಿನ ವಾಹನದಲ್ಲಿ ಕೂತು ಹೋಗುವುದು. ಸರಕು ಗಾಡಿಯ ಹಿಂದೆ ಸುಮ್ಮನೆ ಲಿಫ್ಟ್ ತೆಗೆದುಕೊಂಡವರಿಗೆ ಆ ಗಾಡಿಯ ವಿಮೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿಬಿಟ್ಟಿದೆ. ಆದರೆ ಸರಕಿನ ಮಾಲೀಕರು ಅಥವಾ ಅವರ ಪ್ರತಿನಿಧಿ ಸರಕಿನ ಜೊತೆಗಿದ್ದರೆ ಕಾಯ್ದೆ ಅವರನ್ನು ಒಳಗೊಳ್ಳುತ್ತದೆ. ಕಾಯ್ದೆಯ ಪ್ರಕಾರ 'ಸರಕು' ಅಂದರೆ ಜಾನುವಾರೂ ಸೇರಿತು. ಹಾಗಾಗಿ ಆಕಳು ಕೊಂಡು ಅದೇ ಗಾಡಿಯಲ್ಲಿ ಅದರ ಜೊತೆ ಬರುವಾಗ ಪೆಟ್ಟಾದರೆ ಕೇಳುವ ಹಕ್ಕಿದೆ. ಸಂತೆಯ ರಸೀದಿ ಕಿಸೆಯಲ್ಲಿರಲಿ. ಆಕಳು ತರಲು ಖಾಲಿ ಗಾಡಿಯಲ್ಲಿ ಹತ್ತು ಮಂದಿ ನಿಂತು ಹೋಗುವಾಗ ಪೆಟ್ಟಾದರೆ ಆ ಮಾತು ನಿಲ್ಲುವುದು ಕಷ್ಟ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಕಣಕಿ ಹೊರೆಯ ಜೊತೆ ಜನ ಹತ್ತಿಸುವುದೂ ಹೀಗೆಯೇ ಗೊಂದಲದ್ದು. ಅಲ್ಲಿ ಕೊನೆಗೆ ಟ್ರ್ಯಾಕ್ಟರ್ ಮಾಲೀಕರ ಹೊಲದ ಮೇಲೇ ಬಂದು ಕೂರಬಹುದು.

ಬೈಕಿನ ವಿಷಯವೂ ಹೇಳಬೇಕು. ನಿಮ್ಮ ಹಿಂದೆ ಕೂತ ಮಡದಿಗೆ ನಿಮ್ಮದೇ ತಪ್ಪಿನಿಂದ ಪೆಟ್ಟಾದರೆ, ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದಲ್ಲಿ ಕಂಪನಿ ಹೊಣೆ ಒಪ್ಪುವುದಿಲ್ಲ. ಸುಪ್ರೀಂ ಕೋರ್ಟ್ 2006ರಲ್ಲಿ ಹಾಗೆಂದೇ ಹೇಳಿದೆ. ಪೂರ್ಣ, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂದೆ ಕೂತವರೂ ಒಳಗೆ ಬರುತ್ತಾರೆ. ಓಡಿಸುವ ಮಾಲೀಕರಿಗೆ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಾವು ಮತ್ತು ದೊಡ್ಡ ಅಂಗನಷ್ಟಕ್ಕೆ ಇರುವುದು, ಕುತ್ತಿಗೆ ನೋವಿಗೆ ಅದರಿಂದ ಏನೂ ಬಾರದು. ಮುಂದಿನ ಸಲ ಪಾಲಿಸಿ ನವೀಕರಿಸುವಾಗ ಈ ಎರಡು ಸಾಲು ನೆನಪಿರಲಿ.

ಈಗ ಮುಖ್ಯ ಪ್ರಶ್ನೆ, ಎಷ್ಟು? ಚಿಕಿತ್ಸೆ ವೆಚ್ಚ, ಓಡಾಟ, ಆಹಾರ, ನೋಡಿಕೊಂಡವರ ಖರ್ಚು, ನೋವಿಗೆ ಒಂದು ಮೊತ್ತ, ಕೆಲಸ ಮಾಡಲಾಗದ ತಿಂಗಳುಗಳ ಆದಾಯ, ಇಷ್ಟು ಸಾಮಾನ್ಯವಾಗಿ ಸಿಗಬೇಕಾದವು. ದೊಡ್ಡ ಮೊತ್ತ ಬರುವುದು ಶಾಶ್ವತ ನ್ಯೂನತೆ ಉಳಿದರೆ ಮಾತ್ರ. 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ವೈದ್ಯರು ಬರೆದ ಶೇಕಡಾವಾರು ನ್ಯೂನತೆ ಒಂದು, ಅದರಿಂದ ಆ ಮನುಷ್ಯನ ದುಡಿಮೆ ಎಷ್ಟು ಕುಗ್ಗಿತು ಎಂಬುದು ಇನ್ನೊಂದು. ಬೆನ್ನು ಬಾಗದಿದ್ದರೆ ಮೇಜಿನ ಮುಂದೆ ಕೂರುವ ಗುಮಾಸ್ತರ ಸಂಬಳ ನಿಲ್ಲುವುದಿಲ್ಲ. ಅದೇ ಬೆನ್ನು ದಿನಕ್ಕೆ ಎರಡು ಹೊತ್ತು ಕುಕ್ಕರಗಾಲಲ್ಲಿ ಕೂತು ಹಿಂಡುವ, ತುಂಬಿದರೆ ನಲವತ್ತು ಲೀಟರಿನ ಕ್ಯಾನು ಎತ್ತುವ, ಸಗಣಿ ಬಳಿಯುವ ಹೈನುಗಾರರದಾದರೆ ಕಸುಬೇ ನಿಂತುಹೋಗುತ್ತದೆ. ಈ ಮಾತನ್ನು ವಕೀಲರು ತಾನಾಗಿ ತಿಳಿಯಲಾರರು. ನಿಮ್ಮ ದಿನ ಹೇಗೆ ಶುರುವಾಗುತ್ತದೆ, ಯಾವ ಯಾವ ಕೆಲಸಕ್ಕೆ ಎಷ್ಟು ಸಲ ಬಾಗುತ್ತೀರಿ ಎಂದು ಸಾಕ್ಷಿ ಹೇಳುವಾಗ ನೀವೇ ಹೇಳಬೇಕು.

ಲೆಕ್ಕ ಹೀಗಿರುತ್ತದೆ. ವಯಸ್ಸು 42, ತಿಂಗಳ ನಿವ್ವಳ ಆದಾಯ 15,000, ದುಡಿಮೆಯ ಶಕ್ತಿ ಶೇ. 10 ಕುಗ್ಗಿದೆ ಎಂದು ನ್ಯಾಯಮಂಡಳಿ ಒಪ್ಪಿತು ಎಂದುಕೊಳ್ಳಿ. 41ರಿಂದ 45 ವಯಸ್ಸಿಗೆ ಗುಣಕ 14. 15,000ವನ್ನು 12 ತಿಂಗಳಿಂದ, ಆಮೇಲೆ 14ರಿಂದ ಗುಣಿಸಿ ಶೇ. 10 ತೆಗೆದರೆ 2,52,000. ಮುಂದೆ ಆದಾಯ ಏರುವ ಸಾಧ್ಯತೆಗೆಂದು ಈ ವಯಸ್ಸಿನ ಸ್ವಂತ ಕಸುಬಿನವರಿಗೆ ಶೇ. 25 ಸೇರಿಸಿದರೆ 3,15,000. ಗುಣಕ 2009ರ ತೀರ್ಪಿನದು, ಶೇ. 25 ಎಂಬುದು 2017ರ ತೀರ್ಪಿನದು. ಗಾಯದ ಪ್ರಕರಣಗಳಿಗೂ ಅದು ಸಲ್ಲುತ್ತದೆಂದು 2020ರಲ್ಲಿ ಸ್ಪಷ್ಟವಾಯಿತು. ಆದರೆ ಆಸೆ ಹಿಡಿತದಲ್ಲಿರಲಿ: ಎಳೆತದ ನೋವು ಮಾತ್ರವಿದ್ದು ಮೂರು ತಿಂಗಳಲ್ಲಿ ಗುಣವಾಗಿದ್ದರೆ ಈ ಲೆಕ್ಕವೇ ಹುಟ್ಟುವುದಿಲ್ಲ. ಮಣಿ ಜಜ್ಜಿದ್ದು, ಡಿಸ್ಕ್ ಜರುಗಿ ನರ ಒತ್ತಿದ್ದು ಎಂಆರ್‌ಐಯಲ್ಲಿ ಕಂಡು, ಚಿಕಿತ್ಸೆ ಕೊಟ್ಟ ವೈದ್ಯರೇ ಬಂದು ಸಾಕ್ಷಿ ಹೇಳಿದರೆ ತೂಕ ಬರುತ್ತದೆ. ಎಲ್ಲಿಂದಲೋ ದುಡ್ಡು ಕೊಟ್ಟು ತಂದ ಶೇ. 40ರ ಪ್ರಮಾಣಪತ್ರ ಪಾಟೀಸವಾಲಿನಲ್ಲಿ ಉದುರಿಹೋಗುತ್ತದೆ.

ಆದಾಯದ ದಾಖಲೆ ಎಂಬಲ್ಲಿ ಹಾಲು ಉತ್ಪಾದಕರು ಬೇರೆ ರೈತರಿಗಿಂತ ಮುಂದಿದ್ದಾರೆ, ಅದು ಅವರಿಗೇ ಗೊತ್ತಿಲ್ಲ. ದಾಖಲೆ ಇಲ್ಲದವರಿಗೆ ನ್ಯಾಯಮಂಡಳಿಗಳು ಅಂದಾಜಿನ ಆದಾಯ ಹಿಡಿಯುತ್ತವೆ; ನಮ್ಮ ರಾಜ್ಯದಲ್ಲಿ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಪಟ್ಟಿಯನ್ನು ಸಾಮಾನ್ಯವಾಗಿ ನೋಡುತ್ತಾರೆ. ಆದರೆ ಸಂಘಕ್ಕೆ ಹಾಲು ಹಾಕುವವರ ಬಳಿ ದಿನಕ್ಕೆ ಎರಡು ಸಲದ ಲೀಟರು, ಫ್ಯಾಟು, ದರ ಬರೆದ ಚೀಟಿ, ಪಾಸ್‌ಪುಸ್ತಕ, ಬ್ಯಾಂಕಿಗೆ ಜಮೆಯಾದ ಬಿಲ್ಲು, ಸರ್ಕಾರದ ಪ್ರೋತ್ಸಾಹಧನದ ಜಮೆ ಎಲ್ಲ ಇದೆ. ಅಪಘಾತಕ್ಕೆ ಹಿಂದಿನ ಒಂದು ವರ್ಷ, ನಂತರದ ಒಂದು ವರ್ಷ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಇಳಿದದ್ದು ತಾನೇ ಮಾತಾಡುತ್ತದೆ.

ಕಂಪನಿಯ ವಕೀಲರು ಕೇಳುವ ಪ್ರಶ್ನೆಯೂ ಒಂದಿದೆ: 'ಆಕಳು ಹಟ್ಟಿಯಲ್ಲೇ ಇವೆ, ಹಾಲು ಡೇರಿಗೆ ಬರುತ್ತಲೇ ಇದೆ, ನಷ್ಟ ಎಲ್ಲಿ?' ಇದಕ್ಕೆ ಉತ್ತರ ಸಿದ್ಧವಿರಲಿ. ನೀವು ಹಾಸಿಗೆಯಲ್ಲಿದ್ದಾಗ ಹಿಂಡಿದವರು ಯಾರು? ಕೂಲಿ ಆಳು ಇಟ್ಟಿದ್ದರೆ ತಿಂಗಳಿಗೆ ಎಷ್ಟು ಕೊಟ್ಟಿರಿ? ಅವರ ಸಹಿ ಇರುವ ಚೀಟಿ ಇದೆಯೇ, ಫೋನ್‌ಪೇ ಮಾಡಿದ್ದರೆ ಅದರ ದಾಖಲೆ ಇದೆಯೇ? ಎರಡು ಎಮ್ಮೆ ಮಾರಬೇಕಾಯಿತೆಂದರೆ ಮಾರಿದ ರಸೀದಿ? ಇದ್ದ ಆಸ್ತಿ ಉಳಿದಿದ್ದರೂ ಅದರ ಹಿಂದಿನ ದುಡಿಮೆ, ಮೇಲ್ವಿಚಾರಣೆ ಹೋದದ್ದು ನಷ್ಟವೇ ಎಂಬುದನ್ನು ಕೋರ್ಟುಗಳು ಹೊಲದ ವಿಷಯದಲ್ಲಿ ಒಪ್ಪಿವೆ. ಬಿಲ್ಲಿನ ಪೂರ್ತಿ ಮೊತ್ತವನ್ನು ಆದಾಯವೆಂದು ಹೇಳಲೂ ಹೋಗಬೇಡಿ. ಪಶು ಆಹಾರ, ಮೇವು, ಔಷಧಿ ಕಳೆದು ಉಳಿದದ್ದೇ ಆದಾಯ. ಅದನ್ನು ನೀವೇ ಮೊದಲು ಹೇಳಿದರೆ ನಂಬಿಕೆ ಬರುತ್ತದೆ.

ಹೆಣ್ಣುಮಕ್ಕಳ ವಿಷಯ ಇಲ್ಲಿ ಬಿಡಲಾಗದು. ಎಷ್ಟೋ ಮನೆಗಳಲ್ಲಿ ಸದಸ್ಯತ್ವ ಗಂಡನ ಹೆಸರಲ್ಲಿ, ಹಿಂಡುವುದು ಹೆಂಡತಿ. ಆಕೆಗೆ ಬೆನ್ನು ಪೆಟ್ಟಾದರೆ ಅರ್ಜಿಯಲ್ಲಿ 'ಗೃಹಿಣಿ, ಆದಾಯ ಇಲ್ಲ' ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಮನೆಗೆಲಸಕ್ಕೂ ಹಣದ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೆ ಒತ್ತಿ ಹೇಳಿದೆ. ಹಾಲಿನ ದುಡಿಮೆ ಆಕೆಯದೆಂದು ಅರ್ಜಿಯಲ್ಲೇ ಬರೆಸಿ, ಸಂಘದವರಿಂದ ಸಾಕ್ಷಿ ಹೇಳಿಸಿ. ಪಾಸ್‌ಪುಸ್ತಕ ಆಕೆಯ ಹೆಸರಲ್ಲೇ ಇದ್ದರೆ ಇಷ್ಟು ತಾಪತ್ರಯವೇ ಇರುತ್ತಿರಲಿಲ್ಲ, ಅದು ಬೇರೆ ಮಾತು.

ರಾಜಿ ತಪ್ಪಲ್ಲ. ಅಪಘಾತದ ದಿನವೇ ರಸ್ತೆಯಲ್ಲಿ ನಿಂತು ಮಾಡುವ ರಾಜಿ ತಪ್ಪು, ಯಾಕೆಂದರೆ ಪೆಟ್ಟು ಎಷ್ಟೆಂದು ಆ ದಿನ ಯಾರಿಗೂ ಗೊತ್ತಿರುವುದಿಲ್ಲ. ಚಿಕಿತ್ಸೆ ಒಂದು ಹಂತಕ್ಕೆ ಬಂದು ನ್ಯೂನತೆ ಎಷ್ಟೆಂದು ತಿಳಿದ ಮೇಲೆ ರಾಷ್ಟ್ರೀಯ ಲೋಕ ಅದಾಲತ್‌ನಲ್ಲಿ ಮುಗಿಸಿಕೊಂಡರೆ ವರ್ಷಗಳು ಉಳಿಯುತ್ತವೆ. ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ ಎಂಬುದನ್ನು ತಿಳಿದೇ ಒಪ್ಪಬೇಕು. ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಬಹುದು. ಮೊದಲಿನಂತೆ ಬೆಂಗಳೂರಿಗೆ ಅಲೆಯಬೇಕಿಲ್ಲ.

ಬಂದದ್ದರಲ್ಲಿ ಇಷ್ಟು ಶೇಕಡಾ ಕೊಡಿ ಎನ್ನುವವರ ಬಗ್ಗೆ ಎಚ್ಚರ. ಗೆದ್ದ ಹಣದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಗಳಿಗೇ ವಿರುದ್ಧ. ಆಸ್ಪತ್ರೆ ಬಾಗಿಲಲ್ಲಿ ನಿಂತು ಖಾಲಿ ಹಾಳೆಗೆ ಸಹಿ ಕೇಳುವ ದಲ್ಲಾಳಿ ವಕೀಲನೂ ಅಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಮಿತಿಯೊಳಗಿನವರಿಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಕೋರ್ಟ್ ಆವರಣದಲ್ಲೇ ಕಚೇರಿ ಇರುತ್ತದೆ, ಸಹಾಯವಾಣಿ 15100.

ಕೊನೆಗೆ ಸಂಘದ ಕಾರ್ಯದರ್ಶಿಗಳಿಗೆ ಒಂದು ಕೋರಿಕೆ. ಸದಸ್ಯರು ಪ್ರಮಾಣಪತ್ರ ಕೇಳಿ ಬಂದರೆ 'ಇವರು ತಿಂಗಳಿಗೆ 50,000 ಗಳಿಸುತ್ತಾರೆ' ಎಂಬ ಒಂದೇ ಸಾಲು ಬರೆದುಕೊಡಬೇಡಿ. ಉಪಕಾರವೆಂದು ಮಾಡಿದ ಆ ಸಾಲು ಅವರ ಪ್ರಕರಣವನ್ನೇ ಕೆಡಿಸುತ್ತದೆ, ಸಾಕ್ಷಿಗೆ ನಿಂತಾಗ ನಿಮ್ಮನ್ನೂ ಇಕ್ಕಟ್ಟಿಗೆ ಹಾಕುತ್ತದೆ. ಸದಸ್ಯರ ಸಂಖ್ಯೆ, ಯಾವ ದಿನದಿಂದ ಯಾವ ದಿನದವರೆಗೆ, ತಿಂಗಳುವಾರು ಎಷ್ಟು ಲೀಟರು, ಎಷ್ಟು ಪಾವತಿ, ಸಂಘದಿಂದ ಕೊಂಡ ಪಶು ಆಹಾರದ ಮೊತ್ತ ಎಷ್ಟು, ಇಷ್ಟನ್ನು ಲೆಜರಿನಿಂದ ತೆಗೆದು ಸಹಿ, ಮೊಹರು, ದಿನಾಂಕದೊಂದಿಗೆ ಕೊಡಿ. ಸಮನ್ಸ್ ಬಂದರೆ ಮೂಲ ಲೆಜರು ಹಿಡಿದು ಕೋರ್ಟಿಗೆ ಹೋಗಬೇಕಾಗುತ್ತದೆ. ಆದ್ದರಿಂದ ಪ್ರಕರಣ ಮುಗಿಯುವವರೆಗೆ ಆ ವರ್ಷಗಳ ಪುಸ್ತಕಗಳನ್ನು ರದ್ದಿಗೆ ಹಾಕದೆ, ಇಲಿ, ಗೆದ್ದಲು ಮುಟ್ಟದ ಕಪಾಟಿನಲ್ಲಿ ಇಡಿ.